ನಿಲುವಂಗಿಯ ಒಳಜೇಬು

ಹಳೆ ಪಾದ್ರಿಗಳ ನಿಲುವಂಗಿಯನ್ನು ಚರ್ಚಿನ ಗಂಟೆ ಹೊಡೆಯುವವನು ತಂದು ನನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಹಾಕಿದ. ಹೊಸ ಪಾದ್ರಿಗಳು ಕುಳ್ಳ, ಅಂಚನ್ನು ಒಂದು ಗೇಣು ಎತ್ತಿ ಹೊಲಿಯಬೇಕು, ಭಾನುವಾರದ ಆರಾಧನೆಗೆ ಬೇಕೇ ಬೇಕು ಎಂದ. ಇದ್ದದ್ದು ಇದ್ದ ಹಾಗೆ ತೊಟ್ಟರೆ ಚರ್ಚಿನ ನೆಲ ಗುಡಿಸಲು ಬೇರೆ ಆಳು ಬೇಡ ಎಂದೆ. ಅವನು ನಗಲಿಲ್ಲ. ಹಳಬರು ಹೋದಾಗಿನಿಂದ ನಮ್ಮಲ್ಲಿ ಯಾರೂ ಸರಿಯಾಗಿ ನಕ್ಕಿಲ್ಲ. ದೊಡ್ಡ ಊರಿನ ದೊಡ್ಡ ಸಭೆ ಕರೆಯಿತಂತೆ, ಅವರು ಬೀಳ್ಕೊಡುಗೆಯ ಪ್ರಾರ್ಥನೆಗೂ ನಿಲ್ಲದೆ ಹೊರಟುಬಿಟ್ಟರು. ಆದರೂ ನಾನು ಅವರ ಪರವಾಗಿಯೇ ಜಗಳವಾಡುತ್ತಿದ್ದೆ. ನನ್ನ ಮುಂದೆ ಅವರ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಆ ನಿಲುವಂಗಿಯನ್ನು ಕತ್ತರಿಸಿದ್ದು ನನ್ನ ಗಂಡ, ಹೊಲಿದದ್ದು ನಾನು. ಎಡಗಡೆ ಎದೆಯ ಹತ್ತಿರ ಒಂದು ಆಳವಾದ ಒಳಜೇಬು ಇರಲಿ ಎಂದು ಪಾದ್ರಿಗಳೇ ಹೇಳಿ ಹಾಕಿಸಿಕೊಂಡಿದ್ದರು. ನಮ್ಮ ಚರ್ಚಿನಲ್ಲಿ ಕಷ್ಟದಲ್ಲಿದ್ದವರು ಚೀಟಿ ಬರೆದು, ಮಡಿಸಿ, ಆರಾಧನೆ ಮುಗಿದ ಮೇಲೆ ಪಾದ್ರಿಗಳ ಕೈಗೆ ಕೊಡುವ ಪದ್ಧತಿ ಇದೆ. ಅವರು ಅದನ್ನು ಮನೆಗೆ ಒಯ್ದು ಓದಿ, ನಲವತ್ತು ದಿನ ಬೆಳಗ್ಗೆ ಎದ್ದು ಅದಕ್ಕಾಗಿ ಪ್ರಾರ್ಥಿಸಿ, ಆಮೇಲೆ ಸುಟ್ಟುಬಿಡಬೇಕು. ಎರಡು ವರ್ಷದ ಕೆಳಗೆ ನನ್ನ ಗಂಡನ ಶ್ವಾಸಕೋಶ ಕೆಟ್ಟಾಗ ನಾನೂ ಒಂದು ಚೀಟಿ ಕೊಟ್ಟೆ. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಗಂಡನಿಗೆ ಹೇಳಿರಲಿಲ್ಲ. ಚೀಟಿ ಎಲ್ಲಾದರೂ ಬಿಚ್ಚಿಕೊಂಡು ಗಂಡನ ಕಣ್ಣಿಗೆ ಬಿದ್ದರೆ ಗತಿಯೇನು? ಹಾಗಾಗಿ ಅದರ ನಾಲ್ಕೂ ಅಂಚಿಗೆ ಕಪ್ಪು ದಾರದಲ್ಲಿ ಕೈಹೊಲಿಗೆ ಹಾಕಿ ಕೊಟ್ಟಿದ್ದೆ.

ಆಮೇಲೆ ಪ್ರತಿ ಭಾನುವಾರ ಪಾದ್ರಿಗಳು ನನ್ನ ತಲೆಯ ಮೇಲೆ ಕೈಯಿಟ್ಟು, ನೀನು ಬರೆದ ಒಂದೊಂದು ಮಾತೂ ನನಗೆ ಬಾಯಿಪಾಠವಾಗಿದೆಯಮ್ಮಾ, ಬೆಳಗ್ಗೆ ಬೆಳಗ್ಗೆ ಅತ್ತು ಕೇಳುತ್ತಿದ್ದೇನೆ ಎನ್ನುತ್ತಿದ್ದರು. ಗಂಡ ಉಳಿಯಲಿಲ್ಲ. ಅಂಥವರು ಕಣ್ಣೀರು ಹಾಕಿ ಕೇಳಿದರೂ ಕೊಡದ ದೇವರ ಹತ್ತಿರ ನನ್ನಂಥವಳಿಗೇನು ಕೆಲಸ ಎಂದು ಅವತ್ತೇ ನಾನು ಪ್ರಾರ್ಥನೆ ನಿಲ್ಲಿಸಿದೆ. ಚರ್ಚಿಗೆ ಹೋಗುತ್ತೇನೆ, ಬೆಂಚಿನ ಮೇಲೆ ಕೂರುತ್ತೇನೆ, ಎಲ್ಲರೂ ಎದ್ದಾಗ ಏಳುತ್ತೇನೆ. ಒಳಗೆ ಒಂದು ಮಾತೂ ಹುಟ್ಟುವುದಿಲ್ಲ.

ಅಂಚು ಬಿಚ್ಚಲೆಂದು ನಿಲುವಂಗಿಯ ಒಳಮಗ್ಗುಲು ಹೊರಗೆ ಮಾಡಿದರೆ ಎದೆಯ ಹತ್ತಿರ ಗಟ್ಟಿಯಾಗಿ ಏನೋ ತಗುಲಿತು. ಒಳಜೇಬಿಗೆ ಕೈ ಹಾಕಿದೆ. ಚೀಟಿಗಳು. ಒಂದರ ಮೇಲೊಂದು ತುರುಕಿ ತುರುಕಿ ಹಲಗೆಯಂತಾಗಿದ್ದವು. ಹಿಡಿ ಹಿಡಿಯಾಗಿ ಎಳೆದು ಮೇಜಿನ ಮೇಲೆ ಸುರಿದೆ. ತಳದ ಕಡೆ ನನ್ನದೂ ಸಿಕ್ಕಿತು. ಕಪ್ಪು ದಾರ ಹಾಗೇ ಇತ್ತು. ಕೊನೆಯಲ್ಲಿ ಹಾಕುವ ಜೋಡಿಗಂಟು ನನ್ನದೇ. ಒಂದೇ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಕತ್ತರಿ ಎತ್ತಿಕೊಂಡು ಆ ನಿಲುವಂಗಿಯನ್ನು ಚಿಂದಿ ಮಾಡಿಬಿಡೋಣ ಎನಿಸಿತು. ಬಾಯಿಪಾಠವಂತೆ! ಆದರೆ ಸಿಟ್ಟಿನ ಬೆನ್ನಿಗೇ ಇನ್ನೊಂದು ಯೋಚನೆ ಬಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿತು. ಚೀಟಿ ಕೊಟ್ಟ ಮೇಲೆ ನಾನೇನು ಮಾಡಿದ್ದೆ? ದೊಡ್ಡವರ ಕೈಗೆ ಒಪ್ಪಿಸಿದ್ದಾಯಿತು, ಇನ್ನು ಅವರುಂಟು ದೇವರುಂಟು ಎಂದು ಔಷಧಿ, ಆಸ್ಪತ್ರೆ, ಹೊಲಿಗೆ ಎನ್ನುತ್ತಾ ಓಡಾಡಿಕೊಂಡಿದ್ದೆ. ಗಂಡನಿಗಾಗಿ ನಾನಾಗಿ ಒಂದು ದಿನವೂ ಮೊಣಕಾಲೂರಿರಲಿಲ್ಲ. ಪಕ್ಕದಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಗಂಡನ ಮಷೀನಿನ ಕಡೆ ತಿರುಗಿ ನೋಡಲು ನನಗೆ ಮುಖವಿರಲಿಲ್ಲ.

ಅಷ್ಟರಲ್ಲಿ ಎದುರಿನ ಬೇಕರಿಯ ಅಕ್ಕ ಬಂದಳು. ಮಧ್ಯಾಹ್ನ ಒಲೆ ಆರಿಸಿದ ಮೇಲೆ ನನ್ನ ಅಂಗಡಿಯಲ್ಲಿ ಕಾಲು ಗಂಟೆ ಕೂತು ಹೋಗುವುದು ಅವಳ ರೂಢಿ. ಆರು ವರ್ಷದ ಹಿಂದೆ ಜಗಳವಾಡಿ ಮನೆ ಬಿಟ್ಟುಹೋದ ಅವಳ ಮಗಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ನಾನು ಗಡಬಡಿಸಿ ಚೀಟಿಗಳ ಮೇಲೆ ಬಟ್ಟೆ ಎಳೆದೆ. ಆದರೆ ಬ್ರೆಡ್ಡು ಸುತ್ತುವ ಕಂದು ಕಾಗದದಲ್ಲಿ ತಾನೇ ಬರೆದು ಕೊಟ್ಟ ಚೀಟಿ ಅವಳ ಕಣ್ಣು ತಪ್ಪಿಸುತ್ತದೆಯೇ? ಬಟ್ಟೆ ಸರಿಸಿದಳು. ಅಂಥವು ಏಳೆಂಟಿದ್ದವು. ಮಡಿಕೆಗೆ ಅವಳು ಹಚ್ಚಿದ್ದ ಮೈದಾ ಅಂಟು ಹಾಗೇ ಒಣಗಿ ನಿಂತಿತ್ತು.

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಆ ಕಾಗದಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಜೋಡಿಸಿದಳು.

"ನಾನಂತೂ ದಿನಾ ಕೇಳ್ತಾನೇ ಇದ್ದೀನಿ ಕಣೇ. ಜೊತೆಗೆ ಅವರೂ ಕೇಳ್ತಿದ್ದಾರೆ ಅನ್ನೋ ಧೈರ್ಯ ಇತ್ತು. ಇಷ್ಟು ವರ್ಷ ಒಬ್ಬಳೇ ಇದ್ದೆ ಅಂತ ಇವತ್ತು ಗೊತ್ತಾಯ್ತು."

"ನೀನಾದ್ರೂ ಕೇಳಿದ್ದೀಯ ಅಕ್ಕ. ನಾನು ಅವರ ಪಾಲಿಗೆ ಬಿಟ್ಟು ಕೈ ತೊಳ್ಕೊಂಡೆ. ನನ್ನ ಗಂಡನಿಗೋಸ್ಕರ ಯಾರೂ ಕೇಳಲೇ ಇಲ್ಲ."

ಅವಳು ಇಲ್ಲ ಎನ್ನಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಅದಕ್ಕೇ ಅವಳು ನನಗೆ ಬೇಕಾದವಳು. ತನ್ನ ಒಂದು ಕಂದು ಚೀಟಿಯನ್ನು ನನ್ನ ಕಡೆ ತಳ್ಳಿದಳು.

"ಇದನ್ನ ಕೇಳೋಕೆ ನೀನೂ ಸೇರ್ಕೋ. ನನ್ನೊಬ್ಬಳ ಕೈಲಿ ಆಗಲ್ಲ."

ಎರಡು ವರ್ಷ ಬೀಗ ಹಾಕಿದ ಬಾಯಿ. ಕರ್ತನೇ ಎಂದೆ, ಮುಂದಕ್ಕೆ ಹೋಗಲಿಲ್ಲ. ನಾಚಿಕೆಯಾಯಿತು. ಮತ್ತೆ ಕರ್ತನೇ ಎಂದೆ. ಅಕ್ಕನ ಮಗಳು ಮನೆಗೆ ಬರಲಿ ಎಂದೆ. ಅಷ್ಟೇ ನನ್ನಿಂದಾದದ್ದು. ಅಕ್ಕ ಆಮೆನ್ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಬೇಕರಿಗೆ ಹೋದಳು. ಎದೆಯ ಭಾರವೇನೂ ಇಳಿಯಲಿಲ್ಲ. ಮಗಳು ಇವತ್ತಿನವರೆಗೂ ಬಂದಿಲ್ಲ. ಆದರೆ ಮಾರನೆಯ ಮಧ್ಯಾಹ್ನವೂ ಇಬ್ಬರೂ ಕೂತು ಕೇಳಿದೆವು, ಅದರ ಮಾರನೆಯ ದಿನವೂ.

ನನ್ನ ಚೀಟಿಯನ್ನು ಬಿಚ್ಚಲಿಲ್ಲ. ಅದರಲ್ಲಿರುವುದನ್ನು ಕೇಳುವ ಕಾಲ ಮೀರಿಹೋಗಿತ್ತು. ಗಂಡನ ಮಷೀನಿನ ಡ್ರಾಯರು ಎಳೆದು ಅವರ ಸೂಜಿಗಳ ಪಕ್ಕದಲ್ಲಿ ಇಟ್ಟೆ. ಆಮೇಲೆ ನಿಲುವಂಗಿಯ ಒಳಜೇಬನ್ನು ಬುಡಸಮೇತ ಕತ್ತರಿಸಿ ತೆಗೆದು, ಆ ಜಾಗಕ್ಕೆ ಕಾಣದ ಹಾಗೆ ತೇಪೆ ಕೂರಿಸಿದೆ.

ಶನಿವಾರ ಹೊಸ ಪಾದ್ರಿಗಳು ತೊಟ್ಟು ನೋಡಲು ಅಂಗಡಿಗೇ ಬಂದರು. ಸಣ್ಣ ವಯಸ್ಸು, ಮಾತು ಮಾತಿಗೂ ಕ್ಷಮಿಸಿ ಎನ್ನುವ ಸ್ವಭಾವ. ಇವರೂ ಎಂಥವರೋ ನನಗೇನು ಗೊತ್ತು? ಅಂಚು ಸರಿಯಾಗಿ ಕೂತಿತ್ತು. ಉಳಿದ ಚೀಟಿಗಳನ್ನು ತೆಗೆದು ಅವರ ಮುಂದೆ ಹಿಡಿದೆ.

"ಇವು ಹಳೇವು. ಯಾರೂ ಓದಿಲ್ಲ," ಎಂದೆ.

ಅವರ ಮುಖ ಕಪ್ಪಿಟ್ಟಿತು. ಚೀಟಿಗಳನ್ನು ತೆಗೆದುಕೊಂಡು, ಎಲ್ಲಿಡುವುದೆಂದು ತೋಚದೆ ಎಡಗಡೆಯ ಎದೆಯ ಹತ್ತಿರ ತಡಕಿದರು.

"ಜೇಬು ಕಿತ್ತು ಹಾಕಿದೀನಿ ಪಾದ್ರಿಗಳೇ. ಕೈಯಲ್ಲೇ ಹಿಡ್ಕೊಳ್ಳಿ."

ಎರಡೂ ಕೈಗೆ ಮೀರುವಷ್ಟಿದ್ದವು. ಒಂದೊಂದಾಗಿ ಜಾರಿ ನೆಲದ ಮೇಲಿನ ಚೂರುಬಟ್ಟೆಗಳ ನಡುವೆ ಬೀಳತೊಡಗಿದವು. ಅವರು ಬಗ್ಗಲು ಹೋದರೆ ಇನ್ನಷ್ಟು ಬಿದ್ದವು. ಬಿದ್ದವುಗಳನ್ನು ನಾನೇ ಆರಿಸಿಕೊಂಡೆ. ಅವರ ಕೈಗೆ ವಾಪಸು ಕೊಡಲಿಲ್ಲ, ನನ್ನ ಮೇಜಿನ ಮೇಲೆ ಅಕ್ಕನ ಕಂದು ಚೀಟಿಯ ಪಕ್ಕದಲ್ಲಿ ಇಟ್ಟುಕೊಂಡೆ.