ಇವರನ್ನು ಏನೆಂದು ಕರೆಯಲಿ

ಬಿಸಿ ಬಟ್ಟೆಯ ವಾಸನೆ, ಇದೇ, ಸಂಜೆ ಮನೆಗೆ ಬಂದಾಗ ಇವಳ ಕೂದಲಲ್ಲಿ ಇರುತ್ತಿದ್ದ ವಾಸನೆ ಇದೇ, ನಾನು ಸೋಪಿನದು ಅಂದುಕೊಂಡಿದ್ದೆ, ಅಲ್ಲ, ಇಸ್ತ್ರಿ ಯಂತ್ರದಿಂದ ಈಚೆ ಬರುವ ಬೆಡ್‌ಶೀಟಿನದು — ಆಸ್ಪತ್ರೆಯ ಬಟ್ಟೆ ಒಗೆಯುವ ಈ ಹಾಲಿಗೆ ಕಾಲಿಟ್ಟದ್ದು ಇವತ್ತೇ ಮೊದಲು, ಅದೂ ಹೆಂಡತಿ ತೀರಿಕೊಂಡು ತಿಂಗಳಾದ ಮೇಲೆ, ಇಲ್ಲಿ ಕೆಲಸಕ್ಕೆ ಬರುತ್ತಿದ್ದವಳ ಬೀರುವಿನಲ್ಲಿ ಉಳಿದಿದ್ದ ಚಪ್ಪಲಿ, ಬಾಚಣಿಗೆ, ಒಂದು ಕಡ್ಡಿ ಮುರಿದ ಕನ್ನಡಕ ತೆಗೆದುಕೊಂಡು ಹೋಗುವುದಕ್ಕೆ. ಚೀಲ ಕೈಗೆ ಬಂದಾಗಿದೆ, ಹೊರಟುಬಿಡಬಹುದಿತ್ತು, ಆದರೆ ಸೂಪರ್‌ವೈಸರ್ ಹುಡುಗಿ, ನಮಗೊಬ್ಬ ಮಗಳಿದ್ದಿದ್ದರೆ ಇಷ್ಟೇ ವಯಸ್ಸು, ಎರಡು ಮಾತಾಡಿ ಸರ್, ಅಕ್ಕನ ಜೊತೆ ಕೆಲಸ ಮಾಡಿದೋರು ಎಲ್ಲಾ ಕಾಯ್ತಿದ್ದಾರೆ ಅಂದಳು, ಅಷ್ಟಕ್ಕೇ ಬಿಡದೆ ಎಚ್ಚರಿಕೆ ಬೇರೆ — ಲೇಡೀಸ್ ಅನ್ಬೇಡಿ ಸರ್, ಕೆಲವರಿಗೆ ಹಿಡಿಸಲ್ಲ, ಅಮ್ಮಂದಿರೇ ಅಂದ್ರೆ ಚಿಕ್ಕವರಿಗೆ ಬೇಜಾರು, ಮೇಡಂ ಅಂದ್ರೆ ಎಲ್ಲರೂ ನಗ್ತಾರೆ. ಮತ್ತೆ ಏನನ್ನಲಿ ತಾಯಿ, ಅದನ್ನಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಬೇಕಲ್ಲ, ಹೇಳಲಿಲ್ಲ, ಫೋನು ಬಂತು, ಆಚೆ ಹೋದಳು.

ನನಗೆ ಈ ಗತಿ, ರೈಲು ನಿಲ್ದಾಣದ ಮೈಕಿನ ಮುಂದೆ ಆಯುಷ್ಯ ಸವೆಸಿದವನಿಗೆ, ಪ್ರಯಾಣಿಕರ ಗಮನಕ್ಕೆ ಅಂದರೆ ಸಾವಿರ ತಲೆ ಒಮ್ಮೆಲೇ ಮೇಲೇಳುತ್ತವೆ, ಮಹಿಳೆಯರೇ ಮಹನೀಯರೇ ಅಂತ ಇದ್ದದ್ದನ್ನೂ ಮೊನ್ನೆ ಮೊನ್ನೆ ತೆಗೆದುಹಾಕಿದರು, ಈಗ ಗಂಡಸು ಹೆಂಗಸು ಎಲ್ಲ ಬರೀ ಪ್ರಯಾಣಿಕರು, ಎಷ್ಟು ಸಲೀಸು, ಗಾಜಿನ ಕೋಣೆಯಲ್ಲಿ ಕೂತವನಿಗೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇಲ್ಲಿ ನೋಡಬೇಕು. ಇವಳು ಹಂಗಿಸುತ್ತಲೇ ಇದ್ದಳು, ಊರಿಗೆಲ್ಲ ಕೇಳೋ ಹಾಗೆ ಕೂಗ್ತೀರಿ, ನಾಲ್ಕು ಜನ ಹೆಂಗಸ್ರು ಮನೆಗೆ ಬಂದ್ರೆ ಬಾಯಿಗೆ ಬೀಗ — ಒಮ್ಮೆ ಚಿಕ್ಕಮ್ಮನ ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಹೋಗಿ ಏನ್ರಮ್ಮಾ ಎಲ್ಲಾ ಹೇಗಿದ್ದೀರಿ ಅಂದುಬಿಟ್ಟೆ, ಒಳಗಿದ್ದವರು ಕಾಲೇಜು ಹುಡುಗಿಯರು, ಮುಖ ಮುಖ ನೋಡಿಕೊಂಡರು, ವಾಪಸು ಬರುವಾಗ ಬಸ್ಸಿನಲ್ಲಿ ಇವಳು ನಕ್ಕಿದ್ದೇ ನಕ್ಕಿದ್ದು, ರೀ, ಮೊದ್ಲು ಅವರನ್ನ ನೋಡ್ಬೇಕು, ಆಮೇಲೆ ಕರೀಬೇಕು. ಇವಳನ್ನಾದರೂ ನಾನು ಏನೆಂದು ಕರೆದೆ, ಅವಳು ರೀ ಅನ್ನುತ್ತಿದ್ದಳು, ನಾನು ಏ ಇವಳೇ, ಮನೆಯಲ್ಲಿ ಇಬ್ಬರೇ ಇದ್ದಾಗ ಹೆಸರು ಯಾರಿಗೆ ಬೇಕು. ನಿನ್ನೆ ಕೂಡ ಏ ಇವಳೇ, ನನ್ನ ಟವೆಲ್ ಎಲ್ಲಿ ಅಂದೆ, ಅಂದದ್ದು ನನ್ನ ಕಿವಿಗೇ ಬಿತ್ತು, ಬಚ್ಚಲಲ್ಲೇ ಕೂತು ಅತ್ತೆ.

ಎರಡು ಮಾತಾಡಲು ನಾನು ನಿಂತಿಲ್ಲ, ಒಂದು ಮಾತು ಕೇಳಬೇಕು, ಇಷ್ಟು ದಿನ ಧೈರ್ಯ ಸಾಲದೆ ಇಟ್ಟುಕೊಂಡದ್ದು. ಇವಳು ಹೋದದ್ದು ಇದೇ ಹಾಲಿನಲ್ಲಿ, ಈ ಹೆಂಗಸರ ಕಣ್ಣೆದುರು, ಮೇಲಿನ ಮಹಡಿ ತುಂಬ ಡಾಕ್ಟರುಗಳಿದ್ದರೂ ಒಬ್ಬರು ಇಳಿದು ಬರುವಷ್ಟರಲ್ಲಿ ಎದೆ ನಿಂತಿತ್ತು, ನಾನಾಗ ಯಾವುದೋ ತಡವಾದ ಗಾಡಿಗಾಗಿ ಊರಿಗೆಲ್ಲ ಕ್ಷಮೆ ಕೇಳುತ್ತಿದ್ದೆ. ನನ್ನ ಪಾಲಿಗೆ ಉಳಿದ ಕೊನೆಯ ಮಾತು ಆ ಬೆಳಿಗ್ಗೆಯದು, ರೀ, ನಲ್ಲಿ ಸರಿಯಾಗಿ ನಿಲ್ಲಿಸಿ, ಇಡೀ ಸಂಸಾರ ಮಾಡಿ ಕೊನೆಗೆ ನಲ್ಲಿ, ಆಮೇಲೆ ಇನ್ನೇನಾದರೂ ಅಂದಳೇ, ನನ್ನನ್ನು ಕೇಳಿದಳೇ, ಅಯ್ಯೋ ಅಂದಿದ್ದರೂ ಸಾಕು, ಅದು ಇವರ ಹತ್ತಿರ ಇದೆ, ಕರೆಯದೆ ಹೇಗೆ ಕೇಳುವುದು. ನಮ್ಮ ಹುಡುಗೀರು ಅನ್ನುತ್ತಿದ್ದಳು, ನಮ್ಮ ಹುಡುಗೀರು ಹೀಗಂದ್ರು, ನಮ್ಮ ಹುಡುಗೀರು ಹಾಗಂದ್ರು, ನಾನು ಎರಡು ಜಡೆಯವರನ್ನು ಕಲ್ಪಿಸಿಕೊಂಡಿದ್ದೆ, ಇಲ್ಲಿ ನೋಡಿದರೆ ಅರ್ಧ ಜನಕ್ಕೆ ತಲೆ ನರೆತಿದೆ, ಒಬ್ಬಾಕೆ ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು, ಹುಡುಗೀರೇ ಅನ್ನಲೇ, ಅವಳ ಬಾಯಿಗೆ ಒಪ್ಪಿದ್ದು ನನ್ನ ಬಾಯಿಗೆ ಒಪ್ಪೀತೇ, ಸಹೋದರಿಯರೇ — ವೋಟು ಕೇಳಲು ಬಂದ ಹಾಗೆ, ಮಾತೆಯರೇ — ಹಾರ ಹಾಕಿಸಿಕೊಳ್ಳಲು ಬಂದ ಹಾಗೆ, ಮಹಿಳೆಯರೇ — ಇನ್ನೇನು ಗಾಡಿ ಬಂದೇಬಿಡುತ್ತದೆ. ಹಿಂದುಗಡೆ ಇಬ್ಬರು ಕೆಲಸ ನಿಲ್ಲಿಸಿಲ್ಲ, ವಾರ್ಡಿಗೆ ತುರ್ತಾಗಿ ಬೇಕಂತೆ, ಬೆಡ್‌ಶೀಟಿನ ಎರಡು ತುದಿ ಈಕೆ, ಎರಡು ತುದಿ ಆಕೆ, ಹತ್ತಿರ ಬರುತ್ತಾರೆ, ತುದಿ ಕೂಡಿಸುತ್ತಾರೆ, ದೂರ ಹೋಗುತ್ತಾರೆ. ನಮಸ್ಕಾರ ಅಂದೆ.

ಕೂತ್ಕೊಳ್ಳಿ ಭಾವ. ಯಾರಂದದ್ದು, ಮೊಣಕಾಲು ನೋವಿನ ಆಕೆ, ಸ್ಟೂಲು ಎಳೆದು ಇಟ್ಟರು, ಭಾವಂಗೆ ನೀರು ಕೊಡ್ರೇ ಅಂದರು, ಇನ್ನೊಬ್ಬಳು ತಗೊಳ್ಳಿ ಭಾವ ಅಂತ ಲೋಟ ಚಾಚಿದಳು — ಭಾವ, ಹೌದಲ್ಲ, ಇವಳು ಇವರಿಗೆಲ್ಲ ಅಕ್ಕ, ಅಕ್ಕನ ಗಂಡ ಭಾವನಲ್ಲದೆ ಇನ್ನೇನು, ನನಗೇ ಗೊತ್ತಿಲ್ಲದೆ ವರ್ಷಗಟ್ಟಲೆ ಇಲ್ಲಿ ಭಾವನಾಗಿದ್ದೆ, ಹಾಲ್ ತುಂಬ ನಾದಿನಿಯರು, ಗೇಲಿ ಮಾಡಬಹುದಿತ್ತು, ಕಾಲೆಳೆಸಿಕೊಳ್ಳಬಹುದಿತ್ತು, ಸಿಕ್ಕ ದಿನ ನೋಡು, ಲೋಟ ಕೆಳಗಿಟ್ಟೆ. ಯಾರನ್ನೂ ಏನೆಂದೂ ಕರೆಯದೆ ಕೇಳಿದೆ, ಅವಳು ಕೊನೇಲಿ ಏನಾದ್ರೂ ಅಂದ್ಲಾ. ಮೊಣಕಾಲಿನ ಆಕೆ ನನ್ನೆದುರಿಗೇ ನೆಲದ ಮೇಲೆ ಕೂತರು, ಅವತ್ತು ಅಕ್ಕನ ಜೊತೆ ಮಡಿಸ್ತಿದ್ದೋಳು ನಾನೇ ಭಾವ, ಏನೂ ಅನ್ನಲಿಲ್ಲ, ಹಾಗೇ ಕೆಳಕ್ಕೆ ಕೂತ್ಬಿಟ್ರು, ಬೆಡ್‌ಶೀಟ್ ಮಾತ್ರ ಬಿಡ್ಲಿಲ್ಲ, ಎರಡು ತುದೀನೂ ಮುಷ್ಟೀಲೇ ಇತ್ತು. ನಾನೂ ಬಿಡ್ಲಿಲ್ಲ. ಈ ಕಡೆ ಬಿಟ್ರೆ ಅಕ್ಕ ಬಿದ್ದುಬಿಡ್ತಾರೆ ಅನ್ನಿಸ್ತು, ಡಾಕ್ಟ್ರು ಬಂದ ಮೇಲೂ ಹಿಡ್ಕೊಂಡೇ ಇದ್ದೆ — ಏನೂ ಅನ್ನಲಿಲ್ಲ, ಹಾಗಾದರೆ ಏನೂ ಇಲ್ಲ, ಒಯ್ಯಲು ಏನೂ ಇಲ್ಲ, ಮನೆಯಲ್ಲಿ ಮಡಿಸುವಾಗ ನನ್ನ ಕಡೆಯ ತುದಿ ಯಾವಾಗಲೂ ಜಾರುತ್ತಿತ್ತು, ಹಿಡ್ಕೊಳ್ರೀ ಅನ್ನುತ್ತಿದ್ದಳು, ಹಿಡಿಯುತ್ತಿದ್ದೆ, ಮತ್ತೆ ಜಾರುತ್ತಿತ್ತು, ಇಲ್ಲಿ ಆ ಕಡೆ ಹಿಡಿದಿದ್ದರು, ಬಿಡದೆ ಹಿಡಿದಿದ್ದರು, ನಡುವೆ ಬಿಳಿ ಬಟ್ಟೆ, ಇನ್ನೂ ಬೆಚ್ಚಗಿದ್ದದ್ದು, ಈ ತುದಿಯಲ್ಲಿ ಇವಳ ಮುಷ್ಟಿ, ಆಮೇಲೆ ಅದನ್ನು ಬಿಡಿಸಿದ್ದು ಯಾರು, ಒಂದೊಂದೇ ಬೆರಳನ್ನೇ, ಅದನ್ನು ಕೇಳಬಾರದು, ಕೇಳಲಾರೆ, ಬಿಳಿ ಬಟ್ಟೆ, ಇವಳ ಮುಷ್ಟಿ, ಬಿಗಿಯಾದ ಬಿಳಿ ಬಟ್ಟೆ, ಅದರ ತುದಿಯಲ್ಲಿ ಇವಳ ಮುಷ್ಟಿ, ಮುಷ್ಟಿ —