ಎದೆಯಲ್ಲಿದ್ದ ರಾಗಿ

“ಎದೆ ಒಳ್ಗ ಏನಮ್ಮಿ ಬಚ್ಚಿಟ್ಟಿದ್ದಯ್? ತಗಿ ಈಚ್ಗ, ಲೌಡಿ!”

ಕೊಳ್ಳೇಗಾಲದ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಬಾಗಿಲಲ್ಲಿ ಯಜಮಾನ ಗುರುಪಾದಸ್ವಾಮಿ ಅಡ್ಡ ನಿಂತಿದ್ದ. ಸಂಜೆ ಮನೆಗೆ ಹೊರಟ ಹೆಂಗಸರ ಸೆರಗು, ಬುತ್ತಿ ಚೀಲ ತಡಕುವುದು ಅವನ ನಿತ್ಯದ ಪೂಜೆ. ಇವತ್ತು ಮಾಂಬಳ್ಳಿಯ ಸಿದ್ದಾಜಮ್ಮನ ಎಡಗಡೆಯ ಎದೆ ಬಲಗಡೆಗಿಂತ ಮೇಲೆ ಕೂತದ್ದು ಅವನ ಕಣ್ಣಿಗೆ ಬಿದ್ದಿತ್ತು.

“ರೇಷ್ಮ ಅಲ್ಲ ಸಾ. ಆಪ್ರೇಸನ್ ಆಗ್ಯದ. ಅದ್ಕ ಮಡಿಕಂಡಿರೋ ಚೀಲ.”

“ಎಮ್ಮಂಗ ತಿಂದು ಕೊಬ್ಬಿದ್ದಯ್, ನಿಂಗ್ಯಾವ ಕಾಯ್ಲನಮ್ಮಿ?”

ಕೊಬ್ಬಿದವಳು ಬೆಳಗಿನಿಂದ ಬರೀ ಮಜ್ಜಿಗೆ ಕುಡಿದಿದ್ದಳು. ಕ್ಯಾನ್ಸರ್ ಎಂದು ಎಡ ಮೊಲೆ ತೆಗೆದ ಮೇಲೆ, ಮತ್ತೆ ಕಟ್ಟಿಕೊಡಿ ಎಂದು ಮೈಸೂರಿನ ಡಾಕ್ಟರಮ್ಮನ ಬೆನ್ನು ಬಿದ್ದಿದ್ದಳು. ಒಳಗೆ ಜೆಲ್ಲಿನ ಚೀಲ ಇಡಬಹುದು, ಇಲ್ಲವೇ ಹೊಟ್ಟೆಯ ಕೊಬ್ಬು, ಚರ್ಮವನ್ನೇ ತೆಗೆದು ಕೂರಿಸಬಹುದು. ಆದರೆ ಈ ತೂಕಕ್ಕೆ ಈಗಲೇ ಕೈ ಹಾಕಿದರೆ ಗಾಯ ಮಾಯದೆ ಕೀವಾದೀತು, ಕೊಂಚ ಇಳಿಸಿಕೊಂಡು ಬಾ ಎಂದಿದ್ದರು ಆಕೆ. “ಒಟ್ಟೆ ನಂದೇಯ, ಎದೆಯೂ ನಂದೇಯ. ಇಳಿಸ್ಕಂಡು ಬತ್ತೀನಿ, ಕಟ್ಕೊಡಿ,” ಎಂದು ನಕ್ಕು ಬಂದವಳಿಗೆ ಆ ಎದೆ ಬೇಕೇ ಬೇಕಿತ್ತು. ಅಂಗಡಿಯ ಪ್ಯಾಡು ಅವಳ ಅಳತೆಗೆ ಸಿಗಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಬಟ್ಟೆ ಚೀಲಕ್ಕೆ ರಾಗಿ ತುಂಬಿ ತಾನೇ ಹೊಲಿದುಕೊಂಡಿದ್ದಳು.

ಗುರುಪಾದಸ್ವಾಮಿ ಕುಪ್ಪಸಕ್ಕೇ ಕೈ ಹಾಕಿ ಚೀಲ ಕಿತ್ತ. ಒಳಕ್ಕೆ ನಡೆದು, ರೇಷ್ಮೆಗೂಡು ತೂಗುವ ತಕ್ಕಡಿಗೆ ಎಸೆದು, “ನೋಡ್ರಮ್ಮಿ, ಇವಳ ಮೊಲೆ ತೂಕನಾ!” ಎಂದು ಹಲ್ಲು ಕಿರಿದ. ಆಮೇಲೆ ಚಾಕುವಿನಿಂದ ಸೀಳಿದ. ರಾಗಿ ಸುರಿದು, ಹುಳ ಬೆಂದ ನೀರಿನ ಕೊಚ್ಚೆಯಲ್ಲಿ ಹರಡಿತು. ರೇಷ್ಮೆಯ ಒಂದು ಎಳೆಯೂ ಇರಲಿಲ್ಲ.

“ಸರಿ, ಓಗು ಓಗು,” ಎಂದ.

ಸಿದ್ದಾಜಮ್ಮ ಹೋಗಲಿಲ್ಲ. ಬಾಗಿಲು ಹಾಕಿ ಅಗುಳಿ ಜಡಿದಳು. ಕುಪ್ಪಸ ಬಿಚ್ಚಿ, ಹೊಲಿಗೆಯ ಗೆರೆ ಬಿದ್ದ ಎದೆಯನ್ನು ಅವನ ಮುಖಕ್ಕೆ ಹಿಡಿದಳು. ಅವನು ತಲೆ ತಿರುಗಿಸಿದ.

“ಯಾಕ್ಲಾ? ಆಗ್ಲೆ ಕೈ ಆಕ್ದಲ್ಲ, ಈಗ ನೋಡ್ಲಾ ಬೋಳಿಮಗನೆ!”

ಪಕ್ಕದ ಒಲೆಯಲ್ಲಿ ಗೂಡು ಬೇಯಿಸುವ ಮಹದೇವಿ ಸೌಟಿನ ತುಂಬ ಕುದಿನೀರು ತುಂಬಿಕೊಂಡು ಬಂದು ನಿಂತಳು. ಅವಳ ಹಿಂದೆ ಉಳಿದ ಹೆಂಗಸರೂ ಸೌಟು ಹಿಡಿದು ಬಂದರು.

“ಬ್ಯಾಡ ಕಣ್ರವ್ವಾ... ಏನ್ ಬೇಕೋ ಕೊಡ್ತೀನಿ...”

“ನನ್ನ ಎದೆ ಬೇಕು. ಆಯ್ಕೊಡು. ಒಂದೊಂದ್ ಕಾಳೂವ.”

ಗುರುಪಾದಸ್ವಾಮಿ ಬಿಳಿ ಪಂಚೆಯಲ್ಲೇ ಕೊಚ್ಚೆಗೆ ಮಂಡಿಯೂರಿದ. ಗದ್ದಲ ಕೇಳಿ ಮನೆಯಿಂದ ಓಡಿ ಬಂದ ಅವನ ಹೆಂಡತಿ ಹೊರಗಿನಿಂದ ಬಾಗಿಲು ಬಡಿಯತೊಡಗಿದಳು. ಯಾರೂ ತೆಗೆಯಲಿಲ್ಲ.

“ಆ ಮೂಲೇಲೂ ಬಿದ್ದದ ನೋಡು,” ಎಂದಳು ಸಿದ್ದಾಜಮ್ಮ, ಸೆರಗು ಹೊದೆಯದೆ.