ಹೊರಸಿನ ಸೆರೆ

ನಾನು ಎರಡೂ ಹೆಗಲಿಗೆ ಒಂದೊಂದು ಭತ್ತದ ಚೀಲ ಹೊತ್ತು ನಡೆದರೆ ತುರ್ವಿಹಾಳದ ಎತ್ತುಗಳೇ ದಾರಿ ಬಿಡುತ್ತಿದ್ದವು. ಅಂಥ ನನ್ನನ್ನು, ಕಾಲು ಮುರಿದ ಮೇಲೆ, ಅವ್ವ ಹಗ್ಗದ ಹೊರಸಿನ ಮೇಲೆ ಮಲಗಿಸಿ ಕಾವಲು ಕೂತಳು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು "ಇನ್ನ ಸಾವಕಾಶ ಕಾಲೂರಪಾ" ಎಂದಿದ್ದರು. ಅವ್ವ ಮಾತ್ರ, "ಅಮಾಸಿ ಮುಗಿಯೂತನ ನೆಲಕ್ಕ ಕಾಲಿಟ್ಟಿ ಅಂದ್ರ ನೋಡು!" ಎಂದು ಗದರಿದಳು. ಒಂದು ಅಮಾಸಿ ಹೋದರೆ ಇನ್ನೊಂದರ ಹೆಸರು ಹೇಳಿದಳು. ಊಟವೂ ಹೊರಸಿನ ಮೇಲೆ, ಸ್ನಾನವೂ ಹೊರಸಿನ ಮೇಲೆ. ಕಾಲು ಸೊರಗಿ ಜೋಳದ ದಂಟಿನಂತಾಯಿತು. ಇನ್ನು ನಡೆಯುವುದೇ ಇಲ್ಲವೇನೋ ಎಂದು ಎದೆ ಒಡೆಯಿತು.

ಸಿಂಧನೂರಿನಲ್ಲಿ ಬಿ.ಎಸ್ಸಿ. ಓದುವ ತಂಗಿ ನಾಗವೇಣಿ ಬಂದು ನೋಡಿ ನಕ್ಕಳು.

"ಅಣ್ಣಾ, ಎಲುಬಿನ ಜೀವಕೋಶಕ್ಕ ಸಣ್ಣ ಸಣ್ಣ ಕೈ ಇದ್ದಂಗ ಇರ್ತಾವು. ಭಾರ ಬೀಳಲಿಲ್ಲಂದ್ರ ಮುದುಡಿ ಮಲಗತಾವು. ಭಾರ ಬಿದ್ದು ಜಗ್ಗಿದ್ರ ನೆಟ್ಟಗಾಗಿ, ಬಿಗಿ ಹಿಡಿದು, ಎಲುಬು ಗಟ್ಟಿ ಮಾಡ್ರಿ ಅಂತ ಒಳಗ ಸುದ್ದಿ ಮುಟ್ಟಸತಾವು. ಅವ್ವ ಅವನ್ನೆಲ್ಲ ಮಲಗಿಸ್ಯಾಳ!"

"ಆ ಸಣ್ಣ ಕೈ ಈ ಕೋಣನ್ನ ಹೊರತಾವೇನಬೇ?" ಎಂದಳು ಅವ್ವ.

"ಭಾರ ಹಾಕಿದ್ರ ತಾವ ಎಚ್ಚರಾಗತಾವ, ಯವ್ವಾ."

ಅವ್ವ ಕೊನೆಗೂ ಹೆಗಲು ಕೊಟ್ಟಳು, ಅದನ್ನು ಹಿಡಿದು ಕಾಲೂರಿದೆ. ನೋವಿಗೆ ಕಣ್ಣು ಕತ್ತಲಿಟ್ಟಿತು, ಕಾಲು ಮಾತ್ರ ಮಡಚಿಕೊಳ್ಳಲಿಲ್ಲ. ಆ ಹೆಜ್ಜೆಗೆ ಮಸ್ಕಿಯವರೆಗೂ ನೆಲ ನಡುಗಿತು. ನಡುಗಿದ್ದು ನನ್ನ ಮೊಣಕಾಲು ಎನ್ನುವ ಅವ್ವನ ಮಾತು ನಂಬಬೇಡಿ.